ದುರಗವ್ವನ ಬೀಗ

ಬಯಲಿನ ಗ್ಯಾಸ್ ಬಾವಿಯ ಬೀಗವನ್ನು ಯಾರೋ ಎರಡು ಸಲ ಮುರಿದಿದ್ದರು. ವಾಲ್ವ್ ತೆರೆದುಬಿಟ್ಟರೆ ಒಂದೇ ಕಿಡಿಗೆ ಪಕ್ಕದ ಕೇರಿ ಬೂದಿ. ಗ್ಯಾಸ್ ಕಂಪನಿಯ ಜಯತೀರ್ಥ ಸಾಹೇಬರು ಭದ್ರತೆ ಪರೀಕ್ಷಿಸಲು ಇಬ್ಬರು ಪೈಲ್ವಾನರನ್ನು ಜೀಪಿನಲ್ಲಿ ತಂದು, ಕಾವಲಿನ ದುರಗವ್ವನ ಮೇಲೆ ಗುಡುಗಿದರು.

“ಇವರು ವಾಲ್ವನ್ನು ಒಂದು ಸುತ್ತು ತಿರುಗಿಸಿದರೂ ನಿನ್ನ ಕೆಲಸ ಹೋಯಿತು!”

“ತಿರುಗಿಸಲಿ ಬಿಡ್ರಿ ಸಾಹೇಬ್ರ. ಬಿಸಿಲಾಗ ಬಂದೀರಿ, ಮೊದಲು ನೀರು ಕುಡೀರಿ,” ಎಂದು ಆಕೆ ಗಡಿಗೆಯಿಂದ ಚೊಂಬು ತುಂಬಿ ಕೊಟ್ಟಳು.

ಪೈಲ್ವಾನರು ಬೇಲಿ ಹಾರಿದರು. ಬೀಗ ಒಡೆದರು. ಒಡೆದು ಬೆಪ್ಪಾಗಿ ನಿಂತರು. ವಾಲ್ವ್ ತಿರುಗಿಸುವ ಚಕ್ರವೇ ಇಲ್ಲ! ಬರಿಗೈಯಲ್ಲಿ ತಿರುವಿ ಬೆವರಿದರು, ಅದು ಮಿಸುಕಲಿಲ್ಲ. ಶೆಡ್ಡು, ಪೊದೆ, ಕಡೆಗೆ ದುರಗವ್ವನ ಬುತ್ತಿಗಂಟನ್ನೂ ಜಾಲಾಡಿದರು. ಚಕ್ರ ಸಿಗಲಿಲ್ಲ.

ಸಾಹೇಬರು ಇನ್ನೊಂದು ಚೊಂಬು ನೀರು ಕುಡಿದು, “ಎಲ್ಲಿಟ್ಟೆ ತಾಯೀ?” ಎಂದರು.

ದುರಗವ್ವ ಗಡಿಗೆ ಎತ್ತಿದಳು. ಅದರಡಿ, ಗಡಿಗೆ ಕೂರಿಸುವ ಸಿಂಬಿ ಇರಬೇಕಾದ ಜಾಗದಲ್ಲಿ, ಕಬ್ಬಿಣದ ಚಕ್ರ ತಣ್ಣಗೆ ಕೂತಿತ್ತು.

“ಬಾಯಾರಿ ಬಂದ್ರ ಕಳ್ಳಗೂ ನೀರು ಕೊಡ್ತೀನ್ರಿ. ನೀರು ಕುಡಿಯೋರು ಯಾರೂ ಗಡಿಗಿ ಬುಡ ನೋಡಂಗಿಲ್ಲ.”

ಸಾಹೇಬರ ಕೈಗಳು ತಾವಾಗಿಯೇ ಮುಗಿದುಕೊಂಡವು.

ಈಗಲೂ ಅವರು ಯಾವ ಗ್ಯಾಸ್ ಬಾವಿಗೆ ಹೋದರೂ ಮೊದಲು ನೀರು ಕೇಳುತ್ತಾರೆ. ಕುಡಿಯುವುದು ಆಮೇಲೆ, ಮೊದಲು ಬಗ್ಗಿ ಗಡಿಗೆಯ ಬುಡ ನೋಡುತ್ತಾರೆ.