ಕಪ್ಪುಗಲ್ಲು ಬೆಳಗಿದ ಕಂಚುಗಾರ

ಶಿಷ್ಯ ಕೇಳಿದ: "ಗುರುಗಳೇ, ನಮ್ಮ ಮಠದ ಪಾರುಪತ್ಯಗಾರರು ಯಾವಾಗ ನೋಡಿದರೂ ಮುಖ ಕಪ್ಪಿಟ್ಟುಕೊಂಡಿರುತ್ತಾರೆ. ಮಾತೆತ್ತಿದರೆ ಸಿಡುಕು. ಇಷ್ಟು ಶಾಂತವಾದ ಜಾಗದಲ್ಲಿ ಅವರೊಬ್ಬರು ಯಾಕೆ? ಕಳಿಸಿಬಿಡಬಾರದೇ?"

ಗುರು ಹೇಳಿದರು: "ಒಂದು ಕತೆ ಹೇಳುತ್ತೇನೆ. ಸುಳ್ಳು ಅನ್ನಿಸಿದರೆ ಎದೆ ತಟ್ಟಿ ಸುಳ್ಳು ಅನ್ನು, ನೋಡೋಣ."

ಒಂದೂರಿನಲ್ಲಿ ಒಬ್ಬ ಕಂಚುಗಾರ. ಹುಣಸೆಹುಳಿ ಹಿಡಿದು ಕೂತನೆಂದರೆ ಅಜ್ಜಿಯ ಕಾಲದ ಹಂಡೆಯೂ ಮದುಮಗಳ ಹಾಗೆ ಹೊಳೆಯಬೇಕು. "ನನ್ನ ಕೈಗೆ ಬಗ್ಗದ ಕಪ್ಪು ಇನ್ನೂ ಹುಟ್ಟಿಲ್ಲ" ಎಂದು ಮೀಸೆ ತಿರುವುತ್ತಿದ್ದ.

ಊರಿನ ಮೇಲುಗಡೆ ಹಳೆಯ ಗಣಿ. ಅಗೆದವರು ಬೇಡದ ಕಲ್ಲನ್ನೆಲ್ಲ ಗುಡ್ಡೆ ಸುರಿದು ಹೋಗಿದ್ದರು. ಆ ಗುಡ್ಡೆಯಿಂದ ಜಿನುಗಿ ಬರುವ ಹಳ್ಳದ ನೀರೇ ಊರಿಗೆ ಕುಡಿಯುವ ನೀರು. ಬರಬರುತ್ತ ಹಳ್ಳದ ಕಲ್ಲುಗಳಿಗೆ ಕಪ್ಪು ಪದರ ಕಟ್ಟಿತು. "ಇದು ವಿಷ, ಊರು ಬಿಡೋಣ" ಎಂದರು ಹಿರಿಯರು. ಯಾವುದಕ್ಕೂ ಇರಲಿ ಎಂದು ಕಲ್ಲು ಪರೀಕ್ಷೆ ಮಾಡುವವಳೊಬ್ಬಳಿಗೆ ಹೇಳಿಕಳಿಸಿದರು.

ಕಂಚುಗಾರ ನಕ್ಕ. "ಪಾತ್ರೆ ಕಪ್ಪಾಯಿತೆಂದು ಮನೆ ಬಿಡುತ್ತೀರೇನ್ರಯ್ಯಾ?" ಹುಳಿಯ ಗಡಿಗೆ ಹೊತ್ತು ಗುಡ್ಡೆಯ ಬುಡಕ್ಕೆ ಹೋದ. ಹಳ್ಳದ ಕಲ್ಲುಗಳನ್ನು ತಿಕ್ಕಿದ. ಕಪ್ಪು ಕರಗಿ ನೀರಿಗಿಳಿಯಿತು, ಕಲ್ಲು ಬೆಳ್ಳಗಾಯಿತು. ಅವನೆದೆ ಉಬ್ಬಿತು.

ಅಷ್ಟರಲ್ಲಿ ಪರೀಕ್ಷೆಯವಳು ಬಂದಳು. ತೊಳೆಯದ ಕಲ್ಲೊಂದರ ಮೇಲೆ ಬೆಳಕು ಬಿಟ್ಟಳು. ತಿರುಗಿ ಬಂದ ಬೆಳಕನ್ನು ಯಂತ್ರದಲ್ಲಿ ನೋಡಿ, ಆ ಕಪ್ಪು ಮ್ಯಾಂಗನೀಸ್ ಎಂಬ ಲೋಹದ ಕಿಲುಬು ಎಂದು ಗುರುತಿಸಿದಳು. ಪದರವನ್ನು ಕೆರೆದು ಆಮ್ಲದಲ್ಲಿ ಕರಗಿಸಿದಳು. ಅದರೊಳಗಿಂದ ಸೀಸ ಬಂತು, ಸತು ಬಂತು.

"ಮತ್ತೆ! ವಿಷ ತೊಳೆದವನಿಗೆ ಶಾಲು ಎಲ್ಲಿ ತಾಯೀ?" ಎಂದ ಕಂಚುಗಾರ.

"ನಿಲ್ಲಿಸಪ್ಪಾ, ನಿನಗೆ ಕೈ ಮುಗಿಯುತ್ತೇನೆ" ಎಂದಳು ಅವಳು. "ಈ ಸೀಸ, ಸತು ಗಣಿಗುಡ್ಡೆಯಿಂದ ನೀರಿನಲ್ಲಿ ಬರುವ ವಿಷ. ಈ ಕಪ್ಪು ಪದರ ಅದನ್ನು ಹಿಡಿದಿಟ್ಟುಕೊಂಡಿತ್ತು. ನೀನು ಬಿಡಿಸಿ ಮತ್ತೆ ನೀರಿಗೇ ಬಿಟ್ಟೆ."

ಕಂಚುಗಾರ ತಿರುಗಿ ನೋಡಿದ. ಕೆಳಗೆ ಹಳ್ಳದ ನೀರು ನಿಲ್ಲುವ ಊರ ಕಟ್ಟೆಯ ಬಳಿ ಅವನ ಮಗಳು ಆಗಷ್ಟೇ ಬೊಗಸೆಯೊಡ್ಡಿ ನೀರು ಕುಡಿದು ನಿಂತಿದ್ದಳು. ಅವನು ಓಡಿದ. ಹಿಂದೆಯೇ ಪರೀಕ್ಷೆಯವಳೂ ಓಡಿದಳು. ಅವಳು ಕಟ್ಟೆಯ ನೀರು ತೆಗೆದು ಪರೀಕ್ಷಿಸುವಷ್ಟು ಹೊತ್ತೂ ಅವನು ಮಗಳ ಕೈ ಬಿಡಲಿಲ್ಲ. ಮೀಸೆ ಇದ್ದದ್ದು ಅವನಿಗೆ ನೆನಪೇ ಇರಲಿಲ್ಲ.

ಅವಳು ತಲೆಯೆತ್ತಿದಳು. "ನೀರು ಚೆನ್ನಾಗಿದೆ. ನೀನು ತೊಳೆದದ್ದು ಒಂದು ಚಾಪೆಯಗಲ. ಕೆಳಗಿನ ಕಪ್ಪುಗಲ್ಲುಗಳು ನೀನು ಬಿಟ್ಟದ್ದನ್ನೂ ಹಿಡಿದುಕೊಂಡಿವೆ."

ಕಂಚುಗಾರನಿಗೆ ಹೋದ ಉಸಿರು ಬಂತು. ಮಗಳನ್ನೆತ್ತಿಕೊಂಡು ನಕ್ಕ, ಅತ್ತ. ಊರು ಬಿಡುವ ಮಾತು ಅಲ್ಲಿಗೇ ನಿಂತಿತು. ಅವನು ಕೇಳಿದ ಶಾಲು ಮಾತ್ರ ಬರಲಿಲ್ಲ. ಕೊನೆಗೆ ಊರಿನವರು ಅವನಿಗೆ ಕೊಟ್ಟದ್ದು, ಅವನೇ ಬೆಳಗಿದ ಚೊಂಬಿನಲ್ಲಿ, ಹಳ್ಳದ ನೀರು.

"ಸದ್ಯ, ಮಗು ಉಳಿಯಿತಲ್ಲ!" ಎಂದ ಶಿಷ್ಯ.

ಗುರು ಕೇಳಿದರು: "ಪಾರುಪತ್ಯಗಾರರ ಹತ್ತಿರ ದಿನವೂ ನಿನ್ನ ಮೇಲೆ ಬರುವ ದೂರುಗಳಲ್ಲಿ ಒಂದಾದರೂ ನನ್ನ ತನಕ ಬಂದಿದೆಯೇನು?"