ಸೌಟಿನ ಸದ್ದು

"ಗುರುಗಳೇ, ನನ್ನ ಬಳಿ ಓದಲು ಬರುವ ಒಬ್ಬ ತರುಣನಿದ್ದಾನೆ. ತಂದೆ ಕಡಲಾಚೆಯಿಂದ ಬಂದ ನಾವಿಕ, ತಾಯಿ ಈ ನೆಲದವಳು. ಅವನ ಮೈಬಣ್ಣ ನೋಡಿ ಎರಡೂ ಕಡೆಯವರು ನಮ್ಮವನಲ್ಲ ಅನ್ನುತ್ತಾರೆ. ಹುಡುಗ ಒಳಗೊಳಗೇ ಕುದಿಯುತ್ತಿದ್ದಾನೆ. ಅವನು ಯಾರ ಪೈಕಿ ಎಂದು ಹೇಳಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು. ಊರಿನ ಹೆಸರು ಹೇಳಲಿಲ್ಲ. ಹೇಳಿದ್ದರೂ ಅವರ ಬಾಯಲ್ಲಿ ಅದು ಸಂಜೆಯೊಳಗೆ ಬದಲಾಗುತ್ತಿತ್ತು.

ಕಡಲ ದಡದಲ್ಲಿ ಎರಡು ಕೇರಿ. ಒಂದು ಊರವರದು, ಇನ್ನೊಂದು ಹಡಗಿನಲ್ಲಿ ಬಂದು ನೆಲೆಸಿದವರದು. ದಡದುದ್ದಕ್ಕೂ ಬಂಡೆಗಳು; ಪ್ರತಿ ಮನೆಯೆದುರಿಗೂ ಒಂದು ದೋಣಿ ನುಗ್ಗುವಷ್ಟು ಸಂದು. ಮಂಜು ಕವಿದರೆ ಊರವರು ಶಂಖ ಊದಿ, ಬಂದವರು ಡೋಲು ಬಡಿದು ತಮ್ಮ ತಮ್ಮ ದೋಣಿಗಳನ್ನು ಸಂದಿಗೆ ಕರೆಯುತ್ತಿದ್ದರು.

ಕೇರಿಗಳ ನಡುವೆ ಒಬ್ಬ ದೋಣಿಯವನ ಮನೆ. ಅವನು ಬಂದವರ ಪೈಕಿ, ಹೆಂಡತಿ ಊರವಳು. ಆ ಮನೆಗೆ ಮಾತ್ರ ಕರೆ ಇರಲಿಲ್ಲ. ಮಗಳ ಕೈಗೆ ಶಂಖ ಕೊಡಬೇಕೋ ಡೋಲು ಕೊಡಬೇಕೋ ಎಂಬ ಪಂಚಾಯಿತಿ ಅವಳು ತೊಟ್ಟಿಲಲ್ಲಿದ್ದಾಗಿನಿಂದ ನಡೆದೇ ಇತ್ತು. ಹುಡುಗಿ ಬೆಳೆದು ನಿಂತಿದ್ದಳು. ಪಂಚಾಯಿತಿಗೆ ಇನ್ನೂ ಹಲ್ಲು ಮೂಡಿರಲಿಲ್ಲ. ಅಪ್ಪ ಅಮ್ಮನನ್ನು ಊಟಕ್ಕೆ ಕರೆಯುವಾಗ ಹುಡುಗಿ ತಪ್ಪಲೆಗೆ ಸೌಟು ಬಡಿಯುತ್ತಿದ್ದಳು; ಆ ಮನೆಯ ಸದ್ದು ಅದೊಂದೇ.

ಒಂದು ಸಂಜೆ ಗಂಡ ಹೆಂಡತಿ ಇಬ್ಬರೂ ಬಲೆ ಬೀಸಲು ಹೋಗಿದ್ದಾಗ ಮಂಜು ಇಳಿಯಿತು. ಮಗಳು ದಡಕ್ಕೆ ಓಡಿದಳು. ಅಲ್ಲಿ ತಾಯಿಯ ತಂದೆ ಶಂಖ ಹಿಡಿದು ನಿಂತಿದ್ದ. ತಂದೆಯ ಅಕ್ಕ ಡೋಲು ಹೊತ್ತು ಬಂದಿದ್ದಳು.

"ಇವಳ ಮೂಗು ನೋಡಿ, ಅಚ್ಚು ನನ್ನದೇ. ತಗೋ ಕೂಸೇ, ಊದು," ಎಂದ ಅಜ್ಜ.

"ಮೂಗು ನಿಮ್ಮದಾದರೆ ನೀವೇ ಒರೆಸಿ. ಆ ಗುಂಗುರು ಕೂದಲು ಯಾರದು? ನೀನು ಬಡಿಯೇ," ಎಂದಳು ಅತ್ತೆ.

"ಯಾವ ಸದ್ದು ಕೇಳಿದರೆ ಅಪ್ಪ ಅಮ್ಮ ಇಬ್ಬರಿಗೂ ಕರೆಯುವವಳು ನಾನೇ ಅಂತ ಗೊತ್ತಾಗುತ್ತೆ, ಅಜ್ಜ?" ಎಂದಳು ಹುಡುಗಿ.

ಯಾರೂ ಕಿವಿಗೊಡಲಿಲ್ಲ. ಅಜ್ಜ ತಾನೇ ಊದಿದ. ಅತ್ತೆ ತಾನೇ ಬಡಿದಳು. ಒಬ್ಬರನ್ನು ಮೀರಿಸಲು ಇನ್ನೊಬ್ಬರು. ಮಂಜಿನೊಳಗೆ ದೋಣಿಯ ಹುಟ್ಟಿನ ಸದ್ದು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಆಮೇಲೆ ದೋಣಿಯ ಮರ ಬಂಡೆಗೆ ಉಜ್ಜಿತು. ತಾಯಿ ಚೀರಿದ್ದು ಕೇಳಿಸಿತು.

ಹುಡುಗಿ ಮನೆಗೆ ಓಡಿ ಒಲೆಯ ಮೇಲಿನ ಗಂಜಿ ತಪ್ಪಲೆಯನ್ನು ಸೌಟಿನ ಸಮೇತ ಎತ್ತಿ ತಂದಳು. ಗಂಜಿಯನ್ನು ಅಜ್ಜನ ಕಾಲಬುಡದಲ್ಲಿ ಸುರಿದಳು. ಬಿಸಿಗೆ ಅಜ್ಜ ಹಾರಿದ, ಶಂಖ ನಿಂತಿತು. ಅದನ್ನು ನೋಡಿ ಅತ್ತೆಗೆ ನಗು ಉಕ್ಕಿತು, ಡೋಲೂ ನಿಂತಿತು. ಆ ಮೌನದಲ್ಲಿ ಹುಡುಗಿ ಬರಿದಾದ ತಪ್ಪಲೆಗೆ ಸೌಟಿನಿಂದ ದಿನವೂ ಬಡಿಯುವಂತೆ ಬಡಿದಳು: ಎರಡು ಚುರುಕು ಪೆಟ್ಟು, ಆಮೇಲೆ ಒಂದು ಉದ್ದನೆಯ ಗುಂಯ್.

ಹುಟ್ಟಿನ ಸದ್ದು ನಿಂತಿತು. ದೋಣಿ ತಿರುಗಿತು. ಸಂದಿನೊಳಗೆ ನುಗ್ಗಿ ಮರಳಿಗೆ ಬಂದು ಬಡಿಯಿತು.

"ಗಂಜಿ ಎಲ್ಲೇ?" ಎಂದಳು ತಾಯಿ, ಅಳುತ್ತಲೇ.

"ಆ ಎರಡು ಪೆಟ್ಟು ನಮ್ಮ ಡೋಲಿನದು," ಎಂದಳು ಅತ್ತೆ.

"ಕೊನೆಯ ಗುಂಯ್ ನಮ್ಮ ಶಂಖದ್ದು," ಎಂದ ಅಜ್ಜ, ಕಾಲು ಉಜ್ಜಿಕೊಳ್ಳುತ್ತ.

ಶಿಷ್ಯ ತಡೆಯಲಾರದೆ ಮುಂದೆ ಬಾಗಿದ. "ಅದೆಲ್ಲ ಸರಿ, ಗುರುಗಳೇ. ಆ ತರುಣನಿಗೆ ನಾನು ಏನು ಹೇಳಲಿ?"

"ಅವನು ನಿನ್ನನ್ನು ಏನು ಕೇಳಿದ?" ಎಂದರು ಗುರುಗಳು.

ಶಿಷ್ಯ ಎದ್ದು, ಅದನ್ನು ತರುಣನನ್ನೇ ಕೇಳಿ ಬರಲು ಹೊರಟ.