ಇಂಗ್ಲಿಷ್ ಹಾಳೆ ತಿಂದ ಕೆಂಚಹೋತ

ಕುರುಬನೇ ಇಲ್ಲದ ಕುರಿಹಿಂಡನ್ನು ಕಂಡಿದ್ದೀರಾ ಮಕ್ಕಳೇ? ಕರಿಗುಡ್ಡದ ಕುರುಚಲು ಕಾಡಿನಲ್ಲಿ ಒಂದಿತ್ತು. ಆ ಗುಡ್ಡದ ಹುಲ್ಲು ಎಂಥದ್ದೆಂದರೆ, ಬೆಳಿಗ್ಗೆ ಬೋಳಾಗಿ ಮೇಯ್ದ ಜಾಗಕ್ಕೆ ಸಂಜೆ ಹೋದರೆ ಕುರಿಯ ಕಿವಿ ಮುಚ್ಚುವಷ್ಟು ಎದ್ದಿರುತ್ತಿತ್ತು. ನಂಬದವರು ಹೋಗಿ ಅಳೆದು ಬರಬಹುದು, ಗುಡ್ಡ ಎಲ್ಲಿಗೂ ಓಡಿಹೋಗಿಲ್ಲ.

ಹಿಂಡಿನಲ್ಲಿ ನಲವತ್ತು ತಾಯಿಕುರಿ, ನಲವತ್ತು ಮರಿ. ಮುಂದಾಳು ಮಾತ್ರ ಕುರಿಯಲ್ಲ, ಕೆಂಚ ಅನ್ನುವ ಹೋತ. ಮೊಳದುದ್ದದ ಕೊಂಬು, ಎದೆ ಮುಟ್ಟುವ ಗಡ್ಡ. ಹುಟ್ಟಿದ ದಿನವೇ ಹೆತ್ತ ಮೇಕೆ ಸತ್ತುಹೋಗಿ, ಒಂದು ಕುರಿ ಇವನಿಗೆ ಹಾಲು ಕೊಟ್ಟು ಸಾಕಿತ್ತು. ಆ ಸಾಕುತಾಯಿ ಈಗಿಲ್ಲ. ಅವಳ ಮಾತು ಬಂದಾಗಲೆಲ್ಲ ಕೆಂಚ ಗಡ್ಡ ಅಲ್ಲಾಡಿಸಿ ನಗುತ್ತಿದ್ದ.

"ಪಾಪ, ನಮ್ಮಮ್ಮನಿಗೆ ಕುರಿ ಯಾವುದು, ಮೇಕೆ ಯಾವುದು ಅಂತ ಕೊನೆವರೆಗೂ ಗೊತ್ತಾಗಲೇ ಇಲ್ಲ."

ಗುಡ್ಡದ ಬುಡದಲ್ಲಿ ಒಂದು ಶಾಲೆ. ಅದರ ಬೇಲಿಬಳ್ಳಿ ಕೀಳಲು ಹೋದ ಕೆಂಚ ಕಿಟಕಿಯ ಕೆಳಗೆ ನಿಂತು ಮೂರು ದಿನ ಇಂಗ್ಲಿಷ್ ಪಾಠ ಕೇಳಿದ. ನಾಲ್ಕನೆಯ ದಿನ ಯಾರೋ ನೆನೆದ ಪುಸ್ತಕವನ್ನು ಗೋಡೆಯ ಮೇಲೆ ಒಣಗಲು ಇಟ್ಟಿದ್ದರು. ಅದೇ ಪಾಠದ ಹಾಳೆ ಗಾಳಿಗೆ ಪಟಪಟ ಅನ್ನುತ್ತಿತ್ತು. ಕೆಂಚ ಅದನ್ನು ಹರಿದು, ಅಗಿದು, ನುಂಗಿಯೇ ಬಿಟ್ಟ. ಹೀಗೆ ಪಾಠ ಅರ್ಧ ಕಿವಿಯಿಂದ, ಅರ್ಧ ಹೊಟ್ಟೆಯಿಂದ ಒಳಗೆ ಹೋಯಿತು. ಅವತ್ತು ಅವನು ಬಿಟ್ಟ ತೇಗು ಕೂಡ ಇಂಗ್ಲಿಷಿನಲ್ಲಿತ್ತಂತೆ.

ಹಾಳೆಯಲ್ಲಿದ್ದ ಮಾತು ನಾಲ್ಕು. ಡಿಸ್ಟಿಂಗ್ವಿಶ್, ಡಿಫರೆನ್ಷಿಯೇಟ್, ಡಿಸರ್ನ್, ಟೆಲ್ ಅಪಾರ್ಟ್. ನಾಲ್ಕಕ್ಕೂ ಅರ್ಥ ಹೆಚ್ಚುಕಡಿಮೆ ಒಂದೇ: ಇದು ಬೇರೆ, ಅದು ಬೇರೆ ಅಂತ ಗುರುತು ಹಿಡಿಯುವುದು. ಆದರೆ ವಾಕ್ಯದಲ್ಲಿ ಕೂರಿಸುವ ರೀತಿಯೇ ಬೇರೆ ಬೇರೆ. ಮೊದಲನೆಯದು ತನ್ನ ಜೊತೆಗೆ 'ಫ್ರಮ್' ಕೇಳುತ್ತದೆ, ಎರಡನೆಯದು 'ಬಿಟ್ವೀನ್' ಕೇಳುತ್ತದೆ. ಡಿಸರ್ನ್ ಅನ್ನುವುದು ಮಂಜಿನಲ್ಲಿ ದೂರದ ಮರ ಕಂಡ ಹಾಗೆ ಕಷ್ಟಪಟ್ಟು ಕಂಡುಕೊಂಡಾಗ ಬರುವ ಮಾತು. ಟೆಲ್ ಅಪಾರ್ಟ್ ಅನ್ನುವುದನ್ನು ಎರಡು ತುಂಡು ಮಾಡಿ, ಗುರುತು ಹಿಡಿಯಬೇಕಾದವರನ್ನು ನಡುವೆ ಕೂರಿಸಬೇಕು. ಇದೆಲ್ಲ ಕೆಂಚನ ನಾಲಿಗೆ ತುದಿಯಲ್ಲಿತ್ತು. ನಿಜವಾಗಿ ಗುರುತು ಹಿಡಿಯುವ ಕೆಲಸವೊಂದು ಕೈಗೆ ಸಿಗಬೇಕಿತ್ತು, ಅಷ್ಟೆ.

ಅಂಥ ಕೆಲಸ ಹಿಂಡಿನಲ್ಲಿ ದಿನಾ ಸಂಜೆ ನಡೆಯುತ್ತಿತ್ತು. ದೊಡ್ಡವು ಮೇಯಲು ಹೋಗುವಾಗ ಮರಿಗಳನ್ನು ಮುಳ್ಳುಬೇಲಿಯ ಗೂಡಿನಲ್ಲಿ ಬಿಟ್ಟು ಹೋಗುತ್ತಿದ್ದವು. ಹೊತ್ತಿಳಿದು ತಾಯಂದಿರು ಕೆಚ್ಚಲು ತುಂಬಿಕೊಂಡು ಬಂದಾಗ ಮೋಟುಕಿವಿ ಅಜ್ಜಿ ಗೂಡಿನ ಬಾಯಿಗೆ ನಿಲ್ಲುತ್ತಿದ್ದಳು. ಎರಡು ಕಣ್ಣಿಗೂ ಪೊರೆ ಬಂದ ಮುದಿಕುರಿ ಅವಳು. ಒಂದೊಂದೇ ಮರಿಯನ್ನು ಮೂಸಿ, ಅದರದರ ತಾಯಿಯ ಹತ್ತಿರ ಬಿಡುತ್ತಿದ್ದಳು. ಒಂದು ದಿನವೂ ತಪ್ಪಿದ್ದಿಲ್ಲ.

"ಈ ಕಾಲದಲ್ಲೂ ಬಾಲದ ಕೆಳಗೆ ಮೂಸುವುದಾ ಅಜ್ಜಿ?" ಅಂದ ಕೆಂಚ. "ಬೇರೆ ಹಿಂಡಿನವರು ಕಂಡರೆ ಏನಂದಾರು? ಇದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಮಾತಿದೆ. ನಿನಗೆ ಎಷ್ಟು ಬರುತ್ತೆ?"

"ಒಂದೂ ಬರಲ್ಲಪ್ಪ" ಅಂದಳು ಅಜ್ಜಿ.

"ಹಾಗಾದರೆ ಇವತ್ತಿನಿಂದ ನಾನು ನಿಲ್ಲುತ್ತೇನೆ."

ಅಜ್ಜಿ ಹುಣಸೆಮರದ ಕೆಳಗೆ ಹೋಗಿ ಮಲಗಿದಳು. ಕುರಿಗಳಿಗೂ ಒಳಗೊಳಗೇ ಹೆಮ್ಮೆ, ನಮ್ಮ ಕೆಂಚಣ್ಣ ಓದಿಕೊಂಡವನು ಅಂತ.

ಚುಕ್ಕಿ ಅನ್ನುವ ಕುರಿಗೆ ಮಾತ್ರ ಹೆದರಿಕೆ. ಅವಳಿಗೆ ಇದು ಚೊಚ್ಚಲ ಹೆರಿಗೆ. ಮರಿ ಹುಟ್ಟಿ ಮೂರು ದಿನ, ಮೊಲಕ್ಕಿಂತ ಚಿಕ್ಕದು, ಬೆಳಿಗ್ಗೆಯಿಂದ ಹಾಲು ಕಂಡಿಲ್ಲ. ಹೊತ್ತು ಮುಳುಗುವುದರೊಳಗೆ ಹೊಟ್ಟೆಗೆ ಬೀಳದಿದ್ದರೆ ಗುಡ್ಡದ ಚಳಿಗೆ ಅದು ತಡೆಯುವ ಹಾಗಿರಲಿಲ್ಲ. ಹಾಗಂತ ಅವಳು ಕೆಂಚನಿಗೆ ಹೇಳಿಕೊಂಡಳು.

"ಹೆದರಬೇಡ, ಡಿಸ್ಟಿಂಗ್ವಿಶ್ ಮಾಡುತ್ತೇನೆ" ಅಂದ ಕೆಂಚ.

ತಾಯಂದಿರು ಒಂದು ಸಾಲು, ಮರಿಗಳು ಎದುರು ಸಾಲು. ಕೆಂಚ ನಡುವೆ ಅಡ್ಡಾಡಿದ. 'ಐ ಡಿಸ್ಟಿಂಗ್ವಿಶ್ ದಿಸ್ ಮರಿ ಫ್ರಮ್ ದಟ್ ಮರಿ' ಅಂದು ಬಿಳಿ ಮರಿಯನ್ನು ಬಿಳಿ ಕುರಿಗೆ ಕೊಟ್ಟ. 'ಐ ಡಿಫರೆನ್ಷಿಯೇಟ್ ಬಿಟ್ವೀನ್ ಬ್ಲ್ಯಾಕ್ ಅಂಡ್ ವೈಟ್' ಅಂದು ಕರಿಯದನ್ನು ಕರಿಯದಕ್ಕೆ ಕೊಟ್ಟ. ವಾಕ್ಯಗಳಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಚುಕ್ಕಿಯ ಮೈಮೇಲೆ ಚುಕ್ಕಿ ಇದ್ದವು, ಆದರೆ ಅವಳ ಮರಿ ಅಪ್ಪನ ಹಾಗೆ ಕಾಡಿಗೆಗಪ್ಪಾಗಿತ್ತು. ಕೆಂಚ ಅವಳ ಮುಂದೆ ಯಾರದೋ ಚುಕ್ಕಿಮರಿ ತಂದು ನಿಲ್ಲಿಸಿದ.

"ಇದು ನನ್ನದಲ್ಲ ಕೆಂಚಣ್ಣ."

"ನೋಡಮ್ಮ, ನಿನಗೆ ಹೊಸದು, ಗೊತ್ತಾಗಲ್ಲ. ನಾನು ಡಿಸರ್ನ್ ಮಾಡಿಯಾಗಿದೆ."

ಅಷ್ಟರಲ್ಲಿ ತಾಯಂದಿರು ತಮಗೆ ಬಂದ ಮರಿಗಳನ್ನು ಮೂಸಿದರು. ಮೂಸಿದ್ದೇ ತಡ, ಹಾಯಲು ಶುರುಮಾಡಿದರು. ಕುರಿ ಎಷ್ಟೇ ಸಾಧುವಾದರೂ ಪರರ ಮರಿಗೆ ಕೆಚ್ಚಲು ಬಿಡುವುದಿಲ್ಲ. ನಲವತ್ತು ಮರಿ ಒಟ್ಟಿಗೆ ಕೂಗಿಕೊಂಡವು, ನಲವತ್ತು ತಾಯಂದಿರು ಒಟ್ಟಿಗೆ ಓಡಾಡಿದರು. ಎದ್ದ ಧೂಳಿಗೆ ಹಾರುತ್ತಿದ್ದ ಹದ್ದು ದಾರಿ ತಪ್ಪಿ ಪಕ್ಕದ ಗುಡ್ಡದಲ್ಲಿ ಇಳಿಯಿತು. ಕೆಂಚ 'ಟೆಲ್' ಅಂತ ಒಂದು ತುದಿಯಲ್ಲಿ, 'ಅಪಾರ್ಟ್' ಅಂತ ಇನ್ನೊಂದು ತುದಿಯಲ್ಲಿ ಕೂಗುತ್ತಾ ಓಡಿದ, ನಡುವೆ ಯಾರೂ ಕೂರಲಿಲ್ಲ.

ಚುಕ್ಕಿಯ ಮರಿ ಮೂರು ಕುರಿಗಳ ಹತ್ತಿರ ಹೋಯಿತು, ಮೂರರಿಂದಲೂ ಹಾಯಿಸಿಕೊಂಡಿತು. ಆಮೇಲೆ ಕಾಣಲಿಲ್ಲ. ಆ ಗಲಾಟೆಯಲ್ಲಿ ಅದರ ದನಿಯೂ ಚುಕ್ಕಿಗೆ ಕೇಳಿಸಲಿಲ್ಲ. ಹೊತ್ತು ಗುಡ್ಡದ ನೆತ್ತಿ ಮುಟ್ಟಿತ್ತು.

ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ಕೆಂಚನ ಮುಂದೆ ಬಂದು ನಿಂತು ಕೇಳಿದಳು: "ನನ್ನ ಮಗು ಎಲ್ಲಣ್ಣ?"

ಅದಕ್ಕೆ ಹಾಳೆಯಲ್ಲಿ ಉತ್ತರ ಇರಲಿಲ್ಲ. ಕೆಂಚ ಹುಣಸೆಮರದ ಕಡೆ ಓಡಿದ.

"ಅಜ್ಜಿ, ಎದ್ದು ಬಾ. ನನ್ನಿಂದ ಆಗಲಿಲ್ಲ."

ಅಜ್ಜಿ ಬಂದವಳು ಮೂಸಲೂ ಇಲ್ಲ. "ಎಲ್ಲರೂ ಬಾಯಿ ಮುಚ್ಚಿ" ಅಂದಳು. ಮುಚ್ಚಿದರು. "ಕೆಂಚಾ, ನೀನೂ." ಅವನೂ ಮುಚ್ಚಿದ. "ಈಗ ಚುಕ್ಕಿ, ನೀನೊಬ್ಬಳೇ ಮರಿಯನ್ನು ಕರೆ."

ಚುಕ್ಕಿ ಕರೆದಳು. ಬೇಲಿಯ ಬುಡದಲ್ಲಿ, ಮುಳ್ಳಿನ ಒಳಗಿನಿಂದ, ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ ದನಿ ಓಗೊಟ್ಟಿತು.

ಕೆಂಚ ಕೊಂಬು ಕೊಟ್ಟು ಮುಳ್ಳು ಸರಿಸಿದ. ಅರ್ಧ ಗಡ್ಡ ಬೇಲಿಯಲ್ಲೇ ಉಳಿಯಿತು. ಮರಿ ತೂರಾಡುತ್ತಾ ಬಂದು ಚುಕ್ಕಿಯ ಕೆಚ್ಚಲಿಗೆ ಬಾಯಿ ಹಾಕಿತು. ಸ್ವಲ್ಪ ಹೊತ್ತಿಗೆ ಅದರ ಬಾಲ ಅಲುಗತೊಡಗಿತು. ಉಳಿದ ಮರಿಗಳನ್ನೂ ಅಜ್ಜಿ ಹಾಗೇ, ಒಬ್ಬೊಬ್ಬ ತಾಯಿಯಿಂದ ಕರೆಸಿ, ಮೂಸಿ, ಸೇರಿಸಿದಳು.

ಎಲ್ಲ ಮುಗಿದ ಮೇಲೆ ಕೆಂಚ ತಲೆ ತಗ್ಗಿಸಿ, ಈ ವಿದ್ಯೆಗೆ ನೀನು ಏನಂತೀಯ ಅಂತ ಕೇಳಿದ. ಹೆಸರಿಟ್ಟಿಲ್ಲ ಅಂದಳು ಅಜ್ಜಿ. ಮರ್ಯಾದೆ ಉಳಿಸಿಕೊಳ್ಳಲು ಅವನು ಹಳೆಯ ಮಾತು ತೆಗೆದ: "ಎಲ್ಲರಿಗೂ ಎಲ್ಲಿ ಬರುತ್ತೆ ಬಿಡು. ನಮ್ಮಮ್ಮನಿಗೇ ಬರಲಿಲ್ಲ, ಮೇಕೆಮರಿಯನ್ನು ಕುರಿಮರಿ ಅಂತ ಸಾಕಿದಳು."

ಅಜ್ಜಿ ಮೆಲುಕು ನಿಲ್ಲಿಸಿದಳು.

"ಯಾರು ಹಾಗಂದವರು? ಅವಳ ಮರಿ ಸತ್ತಿತ್ತು. ಅದು ಮಲಗಿದ್ದ ಹುಲ್ಲಿನಲ್ಲಿ ನಿನ್ನನ್ನು ಹೊರಳಾಡಿಸಿ ತಂದು ಬಿಟ್ಟವಳು ನಾನೇ. ಅದರ ವಾಸನೆ ನಿನಗೆ ಹತ್ತಲಿ, ಅವಳು ಮೋಸ ಹೋಗಲಿ ಅಂತ. ಅವಳು ಒಂದೇ ಸಲ ಮೂಸಿ, 'ಅಜ್ಜಿ, ಇದು ನನ್ನದಲ್ಲ, ಕುರಿಯೂ ಅಲ್ಲ, ಮೇಕೆ' ಅಂದಳು."

ಕೆಂಚ ಕೇಳಿದ: "ಆಮೇಲೆ?"

"ಆಮೇಲೆ ಏನು. 'ಹಸಿದಿದೆ' ಅಂದಳು. ನೀನು ಕುಡಿಯಲಿ ಅಂತ ಕಾಲು ಅಗಲಿಸಿ ನಿಂತಳು."

ಅವತ್ತಿನಿಂದ ಕೆಂಚ ಇಂಗ್ಲಿಷ್ ಬಿಟ್ಟನೇನು? ಬಿಡಲಿಲ್ಲ, ತಿಂದದ್ದು ಎಲ್ಲಿ ಹೋಗುತ್ತದೆ. ಆದರೆ ಸಂಜೆ ಗೂಡಿನ ಬಾಯಿಗೆ ಅಜ್ಜಿ ನಿಂತಾಗ, ಯಾರೂ ಸದ್ದು ಮಾಡದ ಹಾಗೆ ಕಾಯುವ ಕೆಲಸ ಅವನದಾಯಿತು. ಅಮ್ಮನ ಮಾತು ಬಂದರೂ ಅವನು ಆಮೇಲೆ ನಗಲಿಲ್ಲ.

ನೀತಿ: ಗುರುತು ಹಿಡಿಯುವ ಮಾತು ಕಲಿತ ಮಾತ್ರಕ್ಕೆ ಗುರುತು ಸಿಗುವುದಿಲ್ಲ, ಗುರುತು ಸಿಕ್ಕಿದ ಮೇಲೂ ಯಾರನ್ನು ಹತ್ತಿರ ಕರೆಯಬೇಕು ಅನ್ನುವುದೇ ದೊಡ್ಡ ವಿದ್ಯೆ.